ಶಾಲೆಗೆ ಮೊಬೈಲ್ ತರಲು ಮಕ್ಕಳಿಗೆ ಅವಕಾಶ ಕೊಡಬೇಕೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಉತ್ತರ ಕನ್ನಡ

ನಮ್ಮ ಶಾಲೆಗೆ ಮಕ್ಕಳು ಮೊಬೈಲ್ ತರುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇದೆ. ಕಳೆದ ವಾರ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ ಟವೆಲಿನಲ್ಲಿ ಸುತ್ತಿಟ್ಟಿದ್ದ ಫೋನು ಸಿಕ್ಕಿತು. ಅದನ್ನು ಕಚೇರಿಯ ಕಪಾಟಿನಲ್ಲಿಟ್ಟು, ಪೋಷಕರೇ ಬಂದು ಒಯ್ಯಲಿ ಎಂದು ಹೇಳಿ ಕಳಿಸಿದೆವು. ಮರುದಿನ ಬಂದ ತಾಯಿ ಜಗಳವಾಡಲಿಲ್ಲ. ಸಂಜೆಯ ಬಸ್ಸು ಇಳಿದ ಮೇಲೆ ಮೂರು ಕಿಲೋಮೀಟರ್ ಕಾಡುದಾರಿ ಇದೆಯೆಂದೂ, ಮಗಳು ಬಸ್ಸು ಹತ್ತಿದ ಕೂಡಲೇ ಫೋನ್ ಮಾಡಿದರೆ ಮನೆಯಿಂದ ಯಾರಾದರೂ ಟಾರ್ಚ್ ಹಿಡಿದು ಎದುರಿಗೆ ಹೋಗುತ್ತಾರೆಂದೂ, ಹಿಂದಿನ ಸಂಜೆ ಬಸ್ಸು ತಡವಾಗಿ ಅವಳು ಕತ್ತಲಲ್ಲಿ ಒಬ್ಬಳೇ ನಡೆದು ಬಂದಳೆಂದೂ ಹೇಳಿದರು. ಫೋನನ್ನು ಕಿತ್ತಿಟ್ಟವಳು ನಾನೇ. ಅಂದಿನಿಂದ ಆ ನಿಯಮ ಸರಿಯೆಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಅನುಭವವಿರುವವರು ದಯವಿಟ್ಟು ಅಭಿಪ್ರಾಯ ತಿಳಿಸಿ.

ಉತ್ತರ 1: ಪೋಷಕರು, ಬೆಂಗಳೂರು

ನಿಮ್ಮ ವಿದ್ಯಾರ್ಥಿನಿಯ ಕಷ್ಟ ನಿಜವಾದದ್ದು, ಆದರೂ ನಾನು ನಿಷೇಧದ ಪರವಾಗಿಯೇ ಇದ್ದೇನೆ. ನನ್ನ ಮಗ ಓದುವ ಶಾಲೆಯಲ್ಲಿ ಎರಡು ವರ್ಷ ಫೋನಿಗೆ ಅವಕಾಶವಿತ್ತು. ಹುಡುಗಿಯೊಬ್ಬಳು ಊಟ ಮಾಡುತ್ತಿದ್ದಾಗ ಯಾರೋ ತೆಗೆದ ಚಿತ್ರಕ್ಕೆ ಹೀನವಾದ ಮಾತು ಸೇರಿಸಿ ಹಂಚಿದರು. ಕೊನೆಯ ಪೀರಿಯಡ್ ಮುಗಿಯುವ ಹೊತ್ತಿಗೆ ಅದು ಇಡೀ ಶಾಲೆಗೆ ತಲುಪಿತ್ತು, ಆ ಮಗು ಹದಿನೈದು ದಿನ ಶಾಲೆಗೆ ಬರಲಿಲ್ಲ. ಫೋನು ಚೀಲದಲ್ಲಿ ಸುಮ್ಮನೆ ಬಿದ್ದಿರುತ್ತದೆ ಎಂಬ ನಂಬಿಕೆ ನನಗೆ ಆ ದಿನವೇ ಹೋಯಿತು.

ಫ್ರಾನ್ಸ್ 2018ರಲ್ಲಿ ಕಾನೂನು ಮಾಡಿ ಹದಿನೈದು ವರ್ಷದವರೆಗಿನ ಮಕ್ಕಳ ಶಾಲೆಗಳಲ್ಲಿ ಫೋನ್ ಬಳಕೆಯನ್ನು ನಿಲ್ಲಿಸಿತು, ನೆದರ್ಲೆಂಡ್ಸ್ 2024ರ ಆರಂಭದಿಂದ ತರಗತಿಯೊಳಗೆ ಬೇಡವೆಂದಿತು. ಒಮ್ಮೆ ಗಮನ ಚದುರಿದರೆ ಮಗು ಮತ್ತೆ ಪಾಠಕ್ಕೆ ಮರಳಲು ಇಪ್ಪತ್ತು ನಿಮಿಷದವರೆಗೂ ಬೇಕಾಗಬಹುದು ಎಂದು ಯುನೆಸ್ಕೋದ 2023ರ ವರದಿ ಹೇಳುತ್ತದೆ. ನಮ್ಮ ಪೀರಿಯಡ್ ನಲವತ್ತು ನಿಮಿಷದ್ದು ಎಂಬುದನ್ನು ನೆನಪಿಡಬೇಕು.

ಉತ್ತರ 2: ನಿವೃತ್ತ ಮುಖ್ಯ ಶಿಕ್ಷಕರು, ದಕ್ಷಿಣ ಕನ್ನಡ

ಇಬ್ಬರೂ ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಈ ಮಕ್ಕಳ ಕೈಗೆ ಫೋನ್ ಕೊಟ್ಟವರು ನಾವೇ, ಅಂದರೆ ಶಾಲೆಯವರೇ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಚಂದನ ವಾಹಿನಿಯ ಪಾಠಗಳು ಬಂದವು, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಬಂತು, ಆದರೂ ದಿನದಿನದ ಪಾಠ ಹೋದದ್ದು ವಾಟ್ಸ್‌ಆ್ಯಪ್ ಮೂಲಕ. ಸಾಲ ಮಾಡಿಯಾದರೂ ಫೋನ್ ಕೊಡಿಸಿ ಎಂದು ನಾನೇ ಮನೆಮನೆಗೆ ಹೋಗಿ ಹೇಳಿದವನು. ಮಳೆಗಾಲದಲ್ಲಿ ಸಿಗ್ನಲ್ ಸಿಗದೆ ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಿದ ಮಕ್ಕಳನ್ನು ಕಣ್ಣಾರೆ ಕಂಡಿದ್ದೇನೆ.

ಶಾಲೆಗಳು ತೆರೆದವು, ಗುಂಪುಗಳು ಮಾತ್ರ ಮುಚ್ಚಲಿಲ್ಲ. ಇಂದಿಗೂ ಮನೆಗೆಲಸ ಗುಂಪಿನಲ್ಲೇ ಬರುತ್ತದೆ. ನನ್ನ ನೆರೆಮನೆಯ ಏಳನೆಯ ತರಗತಿಯ ಹುಡುಗ ಅಪ್ಪ ಅಡಿಕೆ ಕೆಲಸ ಮುಗಿಸಿ ಬರುವವರೆಗೆ ಜಗಲಿಯಲ್ಲಿ ಕಾಯುತ್ತಾನೆ, ಏಕೆಂದರೆ ಮನೆಯಲ್ಲಿರುವ ಫೋನು ಅದೊಂದೇ. ಎಂಟೂವರೆಗೆ ಫೋನು ಕೈಗೆ ಸಿಕ್ಕರೆ, ಹಲಗೆಯ ಮಸುಕು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಲೆಕ್ಕಗಳನ್ನು ಬರೆದುಕೊಳ್ಳುತ್ತಾನೆ. ಅದು ಮುಗಿದ ಮೇಲೆ ಫೋನು ಅವನ ಕೈಯಲ್ಲೇ ಉಳಿಯುತ್ತದೆ, ಅಪ್ಪನಿಗೆ ನಿದ್ದೆ ಹತ್ತಿರುತ್ತದೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ ಆ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಹಗಲು ತರಬೇಡ ಎಂದು ಗದರಿಸಿ ರಾತ್ರಿ ಅದನ್ನೇ ನೋಡೆಂದು ಹೇಳುವ ಶಾಲೆಯ ಮಾತಿಗೆ ಮಗು ಏಕೆ ಬೆಲೆ ಕೊಡಬೇಕು? ಸಭೆಯಲ್ಲಿ ಫೋನಿನ ಮಾತಿಗಿಂತ ಮೊದಲು, ಮನೆಗೆಲಸವನ್ನು ಮತ್ತೆ ಡೈರಿಯಲ್ಲೇ ಬರೆಸುವ ತೀರ್ಮಾನ ಆಗಲಿ.

ಉತ್ತರ 3: ಶಿಕ್ಷಕರು, ಚಿಕ್ಕಮಗಳೂರು

ನಮ್ಮಲ್ಲಿ ಒಂದು ವ್ಯವಸ್ಥೆ ನಡೆಯುತ್ತಿದೆ. ಊರಿನ ಬಡಗಿಯೊಬ್ಬರು ಮಾಡಿಕೊಟ್ಟ, ನಲವತ್ತು ಗೂಡುಗಳಿರುವ ಮರದ ಪೆಟ್ಟಿಗೆ ಸಿಬ್ಬಂದಿ ಕೊಠಡಿಯಲ್ಲಿದೆ. ದೂರದಿಂದ ಬರುವ ಮಕ್ಕಳು ಪೋಷಕರ ಪತ್ರ ತಂದರೆ, ಪ್ರಾರ್ಥನೆಗೆ ಮುನ್ನ ಫೋನ್ ಆರಿಸಿ ತಮ್ಮ ಗೂಡಿನಲ್ಲಿಟ್ಟು ಸಹಿ ಮಾಡುತ್ತಾರೆ, ಕೊನೆಯ ಗಂಟೆ ಹೊಡೆದ ಮೇಲೆ ಸಹಿ ಮಾಡಿಯೇ ಒಯ್ಯುತ್ತಾರೆ. ಮೊದಲ ತಿಂಗಳು ಹಳೆಯ ಫೋನನ್ನು ಪೆಟ್ಟಿಗೆಗೆ ಹಾಕಿ ಹೊಸದನ್ನು ಜೇಬಿನಲ್ಲಿಟ್ಟುಕೊಂಡವರೂ ಇದ್ದರು. ಅದನ್ನು ಬಯಲಿಗೆಳೆದವರು ಮಕ್ಕಳೇ. ಈಗ ಶಿಕ್ಷಕರೂ ತರಗತಿಗೆ ಫೋನ್ ಒಯ್ಯುವುದಿಲ್ಲ, ಮತ್ತು ನನ್ನ ಅನುಭವದಲ್ಲಿ ಮಕ್ಕಳು ಪೆಟ್ಟಿಗೆಯನ್ನು ಮನಸ್ಸಿನಿಂದ ಒಪ್ಪಿಕೊಂಡದ್ದು ಅದಾದ ಮೇಲೆಯೇ.

ದೆಹಲಿ ಹೈಕೋರ್ಟ್ 2025ರಲ್ಲಿ ನೀಡಿದ ಮಾರ್ಗಸೂಚಿಯೂ ಬಹುಮಟ್ಟಿಗೆ ಇದೇ ದಾರಿಯದು. ಸಂಪೂರ್ಣ ನಿಷೇಧ ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದ ನ್ಯಾಯಾಲಯ, ಸಾಧ್ಯವಿರುವ ಕಡೆ ಫೋನುಗಳನ್ನು ಶಾಲೆಯ ವಶದಲ್ಲಿಟ್ಟು ಮನೆಗೆ ಹೋಗುವಾಗ ಹಿಂದಿರುಗಿಸಬೇಕು, ತರಗತಿಯಲ್ಲಿ ಬಳಕೆ ಕೂಡದು ಎಂದು ಹೇಳಿತು. ಆ ಆದೇಶ ನಮ್ಮ ರಾಜ್ಯಕ್ಕೆ ಅನ್ವಯಿಸದಿದ್ದರೂ ಸಭೆಯಲ್ಲಿ ಉಲ್ಲೇಖಿಸಲು ಯೋಗ್ಯವಾಗಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಉತ್ತರ ಓದಿ ನಮ್ಮ ಶಾಲೆಯ ಗುಂಪನ್ನು ತೆರೆದು ನೋಡಿದೆ. ನಾನೊಬ್ಬಳೇ ಈ ತಿಂಗಳು ಹನ್ನೊಂದು ಬಾರಿ ಮನೆಗೆಲಸದ ಚಿತ್ರ ಹಾಕಿದ್ದೇನೆ. ಇಂದಿನಿಂದ ಅದನ್ನು ನಿಲ್ಲಿಸಿ, ಕೊನೆಯ ಐದು ನಿಮಿಷ ಡೈರಿ ಬರೆಸಲು ಮೀಸಲಿಟ್ಟಿದ್ದೇನೆ. ಪೆಟ್ಟಿಗೆಯ ಪ್ರಸ್ತಾವವನ್ನು ಸಭೆಯ ಮುಂದೆ ಇಡುತ್ತೇನೆ. ಚಿಕ್ಕಮಗಳೂರಿನ ಶಿಕ್ಷಕರಲ್ಲಿ ಇನ್ನೊಂದು ವಿನಂತಿ: ಗೂಡಿನಲ್ಲಿಟ್ಟ ಫೋನು ಕಳೆದರೆ ಅಥವಾ ಒಡೆದರೆ ಹೊಣೆ ಯಾರದೆಂದು ಪೋಷಕರ ಪತ್ರದಲ್ಲಿ ಹೇಗೆ ಬರೆಸಿಕೊಂಡಿದ್ದೀರಿ? ಸಭೆಯಲ್ಲಿ ಮೊದಲು ಎದ್ದೇಳುವ ಪ್ರಶ್ನೆ ಅದೇ ಆಗಿರುತ್ತದೆ.