ಜತ್ತಿಯವರ ತಾಲ್ಲೂಕಿನವರು, ಸಭಾಪತಿ ಪೀಠ

ಗುಂಪು: ಜಮಖಂಡಿ ಮನೆಯವರು

ಹುಬ್ಬಳ್ಳಿ ಮಾಮಾ, ಬೆಳಿಗ್ಗೆ 8:12 (ಫಾರ್ವರ್ಡ್)
ನಿಮಗೆ ಗೊತ್ತೇ? ಉಪರಾಷ್ಟ್ರಪತಿಗೆ ಮಾಡಲು ಕೆಲಸವೇ ಇಲ್ಲ! ರಾಜ್ಯಸಭೆಯ ಸ್ಪೀಕರ್ ಆಗಿ ಕುಳಿತು ‘ಕುಳಿತುಕೊಳ್ಳಿ, ಕುಳಿತುಕೊಳ್ಳಿ’ ಎನ್ನುವುದಕ್ಕೆ ತಿಂಗಳಿಗೆ 4 ಲಕ್ಷ. ನಮ್ಮ ತೆರಿಗೆ ಹಣ! ಈ ಹುದ್ದೆ ರದ್ದಾಗಲಿ. ಎಲ್ಲರಿಗೂ ಕಳಿಸಿ.

ಜಮಖಂಡಿ ಕಾಕಾ, 8:20
ಬೇರೆ ಯಾವ ಗುಂಪಿಗಾದರೂ ಹಾಕಿ, ಈ ಗುಂಪಿಗೆ ಬೇಡ. ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿ ಪುರಸಭೆಯಿಂದ ಶುರು ಮಾಡಿದ ಬಿ.ಡಿ. ಜತ್ತಿಯವರು 1974ರಿಂದ 1979ರವರೆಗೆ ಉಪರಾಷ್ಟ್ರಪತಿಯಾಗಿ ಇದೇ ಪೀಠದಲ್ಲಿ ಕುಳಿತಿದ್ದರು. ಕೆಲಸವಿಲ್ಲದ ಹುದ್ದೆ ಅಂತ ಯಾರು ಹೇಳಿದರು?

ಹುಬ್ಬಳ್ಳಿ ಮಾಮಾ, 8:24
ಜತ್ತಿಯವರ ಬಗ್ಗೆ ನಾನೇನೂ ಅನ್ನಲಿಲ್ಲ. ಹುದ್ದೆಯ ಬಗ್ಗೆ ಬಂದಿದ್ದನ್ನು ಕಳಿಸಿದೆ ಅಷ್ಟೇ.

ಮೈಸೂರು ಅತ್ತೆ, 8:41
ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದವಳು ನಾನು, ಸುಮ್ಮನಿರಲು ಆಗುತ್ತಿಲ್ಲ. ಸ್ಪೀಕರ್ ಇರುವುದು ಲೋಕಸಭೆಗೆ. ರಾಜ್ಯಸಭೆಗೆ ಇರುವವರು ಸಭಾಪತಿ, ಉಪರಾಷ್ಟ್ರಪತಿಯಾದವರೇ ಆ ಸಭಾಪತಿ. ಇನ್ನು ಸಂಬಳದ ಮಾತು. ಉಪರಾಷ್ಟ್ರಪತಿ ಅನ್ನುವ ಹುದ್ದೆಗೆ ಅಂತ ಸಂವಿಧಾನ ಸಂಬಳವನ್ನೇ ಇಟ್ಟಿಲ್ಲ. 97ನೇ ವಿಧಿ ತೆಗೆದು ನೋಡಿ, ಸಂಬಳ ಇರುವುದು ಸಭಾಪತಿಗೆ. ಆ 4 ಲಕ್ಷ ಬರುವುದೇ ಪೀಠದ ಕೆಲಸಕ್ಕೆ. ಕೆಲಸ ಇಲ್ಲದೆ ಸಂಬಳ ಅನ್ನುವ ಮಾತು ಅಲ್ಲೇ ಬಿದ್ದುಹೋಯಿತು.

ಹುಬ್ಬಳ್ಳಿ ಮಾಮಾ, 8:45
ಸರಿ ಅಕ್ಕಾ. ಆದರೆ ಅದೇನು ಅಂಥ ದೊಡ್ಡ ಕೆಲಸ? ಟಿವಿಯಲ್ಲಿ ನೋಡಿದರೆ ಗಲಾಟೆ, ಮುಂದೂಡಿಕೆ, ಮತ್ತೆ ಗಲಾಟೆ.

ಮೈಸೂರು ಅತ್ತೆ, 8:58
ಒಂದೇ ಉದಾಹರಣೆ ಕೊಡುತ್ತೇನೆ. 2018ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರನ್ನು ತೆಗೆಯಬೇಕು ಅಂತ ರಾಜ್ಯಸಭೆಯ 64 ಸದಸ್ಯರು ನೋಟಿಸ್ ಕೊಟ್ಟರು. ಸಭಾಪತಿ ವೆಂಕಯ್ಯ ನಾಯ್ಡು ಅದನ್ನು ತಿರಸ್ಕರಿಸಿದರು. ಅಲ್ಲಿಗೆ ಮುಗಿಯಿತು, ಚರ್ಚೆಯ ತನಕವೂ ಬರಲಿಲ್ಲ. ಹಿಂದಿನ ವರ್ಷ ಶರದ್ ಯಾದವ್ ಅವರ ಸದಸ್ಯತ್ವ ಹೋಗಿದ್ದೂ ಸಭಾಪತಿಯ ತೀರ್ಮಾನದಿಂದಲೇ. ಒಬ್ಬರ ಸಹಿ ಇಷ್ಟು ಮಾಡುತ್ತದೆ. ಅವರು ಮಾಡಿದ್ದು ಸರಿಯೋ ತಪ್ಪೋ, ಆಮೇಲೆ ಜಗಳ ಆಡೋಣ. ಕೆಲಸವೇ ಇಲ್ಲ ಅಂತ ಮಾತ್ರ ಹೇಳಬೇಡಿ.

ತಮ್ಮ (ಧಾರವಾಡ), 9:10
ಅತ್ತೆ ಹೇಳಿದ್ದು ನಿಜ. ನನ್ನ ತಕರಾರು ಇರುವುದೂ ಅಲ್ಲೇ. ಇಷ್ಟು ಅಧಿಕಾರ ಇರುವವರನ್ನು ಆರಿಸುವವರು ಯಾರು? ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರು ತಮ್ಮ ಸಭಾಪತಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಹೊರಟ್ಟಿಯವರು ಬಂದಿದ್ದು ಹಾಗೇ. ರಾಜ್ಯಸಭೆಗೆ ಆ ಹಕ್ಕಿಲ್ಲ. ಉಪಸಭಾಪತಿಯನ್ನು ಮಾತ್ರ ಅವರು ಆರಿಸಬಹುದು. ಉಪರಾಷ್ಟ್ರಪತಿಯನ್ನು ಎರಡೂ ಸದನ ಸೇರಿ ಆರಿಸುತ್ತವೆ. ಪೂರ್ತಿ ಇದ್ದಾಗ 788 ಮತ, ಅದರಲ್ಲಿ 543 ಲೋಕಸಭೆಯದು. ಅಂದರೆ ಮೇಲ್ಮನೆಯ ಪೀಠದಲ್ಲಿ ಯಾರು ಕೂರಬೇಕು ಅನ್ನುವುದನ್ನು ಕೆಳಮನೆಯೇ ತೀರ್ಮಾನಿಸುತ್ತದೆ. ರಾಜ್ಯಗಳ ಪರ ಮಾತನಾಡಬೇಕಾದ ಸದನ ಅದು. ಇದು ಸರಿಯಾ ಕಾಕಾ?

ಜಮಖಂಡಿ ಕಾಕಾ, 9:22
ನನಗೆ ಅದೇ ಸರಿ ಅನ್ನಿಸುತ್ತದೆ ತಮ್ಮಾ. ಸಭಾಪತಿಯಾದವರು ಆ ಸದನದ ಸದಸ್ಯರಲ್ಲ. ಯಾರ ಬೆಂಚಿನಿಂದಲೂ ಎದ್ದು ಬಂದವರಲ್ಲ. ಮತ ಸಮ ಬಂದಾಗ ಬಿಟ್ಟರೆ ಮತ ಹಾಕುವ ಹಾಗೂ ಇಲ್ಲ. ಹೊರಗಿನವರು ಇದ್ದರೇನೇ ನ್ಯಾಯ.

ಮೈಸೂರು ಅತ್ತೆ, 9:27
ರಾಧಾಕೃಷ್ಣನ್ ಹೇಳಿದ್ದೂ ಅದೇ ಅಲ್ವಾ. 1952ರ ಮೇನಲ್ಲಿ ಮೊದಲ ಸಭಾಪತಿಯಾಗಿ ಕುಳಿತಾಗ, ತಾನು ಯಾವ ಪಕ್ಷಕ್ಕೂ ಸೇರಿದವನಲ್ಲ, ಅಂದರೆ ಈ ಸದನದ ಎಲ್ಲ ಪಕ್ಷಕ್ಕೂ ಸೇರಿದವನು ಅಂದರು. ಹತ್ತು ವರ್ಷ ಆ ಪೀಠದಲ್ಲಿದ್ದರು. ನಮ್ಮ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರು. ಕಲ್ಕತ್ತಾಗೆ ಹೊರಟಾಗ ಹುಡುಗರು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ಸ್ಟೇಷನ್‌ವರೆಗೆ ಎಳೆದುಕೊಂಡು ಹೋಗಿದ್ದರಂತೆ. ನನ್ನ ಅಪ್ಪ ಇದನ್ನು ಎಷ್ಟು ಸಲ ಹೇಳುತ್ತಿದ್ದರೋ.

ತಮ್ಮ, 9:33
ರಾಧಾಕೃಷ್ಣನ್ ನಿಜವಾಗಲೂ ಪಕ್ಷದ ಹೊರಗಿನವರು ಅತ್ತೆ. ಆಮೇಲೆ ಬಂದವರಲ್ಲಿ ಜಾಸ್ತಿ ಜನ ಪಕ್ಷದಲ್ಲೇ ಬೆಳೆದವರು, ಮಂತ್ರಿಗಳಾಗಿದ್ದವರು, ರಾಜ್ಯಪಾಲರಾಗಿದ್ದವರು. ಸದನದ ಹೊರಗಿನವರು ಅಂದಮಾತ್ರಕ್ಕೆ ಪಕ್ಷದ ಹೊರಗಿನವರಾಗುವುದಿಲ್ಲ.

ನಾನು, 9:40
ಆದರೆ ತಮ್ಮಾ, ಸದಸ್ಯರೇ ಆರಿಸಿದರೆ ಸರಿಹೋಗುತ್ತದಾ? 2020ರ ಡಿಸೆಂಬರ್ 15 ನೆನಪಿದೆಯಾ? ನಾನು, ಅವ್ವ ಟಿವಿ ಮುಂದೆ ಇದ್ದೆವು. ಪರಿಷತ್ತಿನಲ್ಲಿ ಇನ್ನೂ ಬೆಲ್ ಹೊಡೆಯುತ್ತಿತ್ತು. ಸಭಾಪತಿ ಒಳಗೆ ಬಂದಿರಲಿಲ್ಲ. ಉಪಸಭಾಪತಿ ಧರ್ಮೇಗೌಡರು ಪೀಠದಲ್ಲಿ ಕುಳಿತುಬಿಟ್ಟರು. ಕಾಂಗ್ರೆಸ್ ಸದಸ್ಯರು ಮೇಲೆ ಹತ್ತಿ ಅವರನ್ನು ಎಳೆದು ಇಳಿಸಿದರು. ಅವ್ವ ಅವಲಕ್ಕಿ ತಟ್ಟೆ ಕೈಯಲ್ಲೇ ಹಿಡಿದು ನಿಂತಿದ್ದಳು. ‘ಅದು ಕುರ್ಚಿ ಅಲ್ಲ, ಗುಡಿ ಇದ್ದಹಾಗೆ’ ಅಂದಳು. ಎಲ್ಲ ಶುರುವಾಗಿದ್ದು ಸಭಾಪತಿಯ ಮೇಲಿನ ಅವಿಶ್ವಾಸದಿಂದ. ಅಲ್ಲಿ ಸಭಾಪತಿಯನ್ನು ಆರಿಸಿದವರೂ ಸದಸ್ಯರೇ, ಪೀಠದ ಮೇಲೆ ಕೈಹಾಕಿದವರೂ ಸದಸ್ಯರೇ.

ತಮ್ಮ, 9:52
ಅಕ್ಕಾ, ಅವತ್ತು ಆಗಿದ್ದು ನಾಚಿಕೆಗೇಡು, ಒಪ್ಪುತ್ತೇನೆ. ಆದರೆ ಪರಿಷತ್ತಿಗೆ ತನ್ನ ಸಭಾಪತಿ ಬೇಡವಾದರೆ ತಾನೇ ಬದಲಿಸುವ ದಾರಿ ಇದೆ. ರಾಜ್ಯಸಭೆಯಲ್ಲಿ ನೋಡು. 14 ದಿನದ ನೋಟಿಸ್ ಬೇಕು. ಆಗ ಇರುವ ಎಲ್ಲ ಸದಸ್ಯರಲ್ಲಿ ಬಹುಮತ ಬೇಕು. ಅದಾದ ಮೇಲೆ ಲೋಕಸಭೆಯೂ ಒಪ್ಪಬೇಕು! 2024ರ ಡಿಸೆಂಬರ್‌ನಲ್ಲಿ ಆಗಿನ ಸಭಾಪತಿ ಧನಕರ್ ಅವರ ಮೇಲೆ ವಿರೋಧ ಪಕ್ಷಗಳು ನೋಟಿಸ್ ಕೊಟ್ಟವು. ಯಾವ ಸಭಾಪತಿಯ ಮೇಲೂ ಅದುವರೆಗೆ ಹಾಗೆ ಆಗಿರಲಿಲ್ಲ. ಅಧಿವೇಶನ ಮುಗಿಯಲು 14 ದಿನವೂ ಉಳಿದಿರಲಿಲ್ಲ. ಉಪಸಭಾಪತಿ ಅದನ್ನು ತಿರಸ್ಕರಿಸಿದರು.

ಇನ್ನೊಂದು ಮಾತು. ಕಾಕಾ, ಬೇಜಾರು ಮಾಡಿಕೊಳ್ಳಬೇಡಿ. ತುರ್ತು ಪರಿಸ್ಥಿತಿಯ ಬಹುಪಾಲು ಕಾಲ ಪೀಠದಲ್ಲಿದ್ದ ಸಭಾಪತಿ ಜತ್ತಿಯವರೇ. 1976ರ ಆಗಸ್ಟ್ 10ರಂದು ಅವರು ಸಂತಾಪ ಸೂಚನೆ ಓದುತ್ತಿದ್ದರು. ಬಂಧನದ ವಾರಂಟ್ ಇದ್ದ ರಾಜ್ಯಸಭಾ ಸದಸ್ಯ ಸುಬ್ರಮಣಿಯನ್ ಸ್ವಾಮಿ ಎದ್ದು ನಿಂತರು. ಸತ್ತವರ ಪಟ್ಟಿಯಲ್ಲಿ ಪ್ರಜಾಪ್ರಭುತ್ವ ಬಿಟ್ಟುಹೋಗಿದೆ ಅಂತ ಹೇಳಿ ಹೊರನಡೆದರು. ನವೆಂಬರ್‌ನಲ್ಲಿ ಸದನ ಅವರನ್ನು ಉಚ್ಚಾಟಿಸಿತು. ಎಷ್ಟೋ ಜನ ಜೈಲಿನಲ್ಲಿದ್ದರು. ಆಗ ಪೀಠ ಏನು ಮಾಡಿತು?

ಜಮಖಂಡಿ ಕಾಕಾ, 10:31
ಹೊಲಕ್ಕೆ ಹೋಗಿದ್ದೆ. ದಾರಿಯುದ್ದಕ್ಕೂ ನಿನ್ನ ಪ್ರಶ್ನೆಯೇ ತಲೆಯಲ್ಲಿತ್ತು. ಉಚ್ಚಾಟನೆ ಸದನದ ತೀರ್ಮಾನ, ಜತ್ತಿಯವರದಲ್ಲ. ಬಹುಮತ ಇದ್ದ ಸದನ ಮಾಡಿದ್ದನ್ನು ಪೀಠ ಹೇಗೆ ತಡೆಯುತ್ತದೆ? 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ ಒಂಬತ್ತು ವಿಧಾನಸಭೆ ವಿಸರ್ಜಿಸುವ ಕಾಗದಕ್ಕೆ ಅವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯೆಲ್ಲ ಅವರ ಮೇಲೆ ಸಿಟ್ಟಾಯಿತು. ಅಂಜುಬುರುಕರಾಗಿದ್ದರೆ ಹಾಗೆ ಮಾಡುತ್ತಿದ್ದರಾ?

ತಮ್ಮ, 10:36
ಮಾರನೇ ದಿನ ಹಾಕಿದರು ಕಾಕಾ. ಮೇಲಾಗಿ ಅದು ಬೇರೆ ಕುರ್ಚಿ. ಅವರು ರಾಷ್ಟ್ರಪತಿ ಕೆಲಸ ನೋಡುವಾಗ ಸಭಾಪತಿ ಕೆಲಸ ಮಾಡುವ ಹಾಗಿಲ್ಲ, 64ನೇ ವಿಧಿ. ನಾನು ಕೇಳಿದ್ದು ಪೀಠದ ಬಗ್ಗೆ.

ನಾನು, 10:44
ಕಾಕಾ, ನಾವು ಜತ್ತಿಯವರನ್ನು ಕಡಿಮೆ ಮಾಡುತ್ತಿಲ್ಲ. ನನಗೆ ಅನ್ನಿಸುವುದು ಇಷ್ಟು. ಬಹುಮತಕ್ಕೆ ಪೀಠದ ಕಾವಲು ಬೇಕಿಲ್ಲ. ಸ್ವಾಮಿಯವರ ಹಾಗೆ ಒಬ್ಬರೇ ಎದ್ದು ನಿಂತಾಗ ಅವರ ಕಡೆ ನೋಡಲು ಇಡೀ ಸದನದಲ್ಲಿ ಇರುವುದು ಆ ಒಂದು ಕುರ್ಚಿ ಮಾತ್ರ. ಅದರಲ್ಲಿ ಕೂರುವವರು ಸದನದ ಋಣದಲ್ಲಿರಬೇಕು, ಲೋಕಸಭೆಯ ಋಣದಲ್ಲಿ ಅಲ್ಲ. ರಾಜ್ಯಸಭೆಯ 245 ಜನರೇ ಆರಿಸಲಿ, ಅದೂ ಮೂರನೇ ಎರಡು ಮತದಿಂದ. ಆಗ ಆಳುವ ಪಕ್ಷ ಎದುರಿನವರನ್ನೂ ಕೇಳಿಯೇ ಹೆಸರು ಹೇಳಬೇಕಾಗುತ್ತದೆ.

ಜಮಖಂಡಿ ಕಾಕಾ, 10:58
ಮೂರನೇ ಎರಡು ಅನ್ನುವ ಮಾತು ಚೆನ್ನಾಗಿದೆ. ಅದಕ್ಕೆ ನಾನೂ ಕೈ ಎತ್ತುತ್ತೇನೆ. ಜತ್ತಿಯವರ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬದಲಾಗುವುದಿಲ್ಲ. ದೀಪಾವಳಿಗೆ ಬಂದಾಗ ಎದುರೇ ಕುಳಿತು ಕೇಳು ತಮ್ಮಾ.

ಹುಬ್ಬಳ್ಳಿ ಮಾಮಾ, 11:03
ನಾನು ಹಾಕಿದ್ದನ್ನು ಅಳಿಸಲೇ?

ಮೈಸೂರು ಅತ್ತೆ, 11:05
ಬೇಡಪ್ಪ, ಇರಲಿ. ಇದು ನಿನಗೆ ಎಲ್ಲಿಂದ ಬಂತೋ ಆ ಗುಂಪಿಗೆ 97ನೇ ವಿಧಿ ಕಳಿಸು. ಸ್ಪೀಕರ್ ಅಲ್ಲ, ಸಭಾಪತಿ ಅಂತಲೂ ಬರೆ.