ಸ್ಕ್ವಾಟ್ ಮಾಡುವಾಗ ಹಿಮ್ಮಡಿ ನೆಲ ಬಿಡುತ್ತದೆ, ಏನು ಮಾಡಬೇಕು?

ಪ್ರಶ್ನೆ:
ನಾನು ಎಂಟು ತಿಂಗಳಿಂದ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದೇನೆ. ಬಾರ್ಬೆಲ್ (ಎರಡು ತುದಿಗೂ ಭಾರ ಹಾಕಿದ ಸರಳು) ಹೆಗಲ ಮೇಲೆ ಹೊತ್ತು ಸ್ಕ್ವಾಟ್, ಅಂದರೆ ಕೂತು ಏಳುವ ವ್ಯಾಯಾಮ, ಮಾಡುವಾಗ ತೊಡೆ ನೆಲಕ್ಕೆ ಸಮಾನಾಂತರವಾಗುವ ಮೊದಲೇ ಹಿಮ್ಮಡಿಗಳು, ಅದರಲ್ಲೂ ಎಡಗಾಲಿನದು, ಮೇಲೇಳುತ್ತವೆ. ಬಲವಂತವಾಗಿ ಊರಿದರೆ ಎದೆ ಮುಂದಕ್ಕೆ ಬಾಗಿ ಭಾರವೆಲ್ಲ ನಡುವಿನ ಮೇಲೆ ಬೀಳುತ್ತದೆ. ಮಂಡಿ ಕಾಲ್ಬೆರಳನ್ನು ದಾಟಲೇಬಾರದೆಂದು ತರಬೇತುದಾರರು ಹೇಳುತ್ತಾರೆ. ಗೋಡೆಗೆ ಕೈಕೊಟ್ಟು, ಕಾಲು ನೇರವಾಗಿಟ್ಟು, ಮೀನಖಂಡದ ಸ್ಟ್ರೆಚ್ ಮಾಡುತ್ತಲೇ ಇದ್ದೇನೆ, ಫಲ ಕಂಡಿಲ್ಲ.

ಉತ್ತರ 1:
ಮೊದಲು ಪಾದದ ಕೀಲು ಎಷ್ಟು ಬಾಗುತ್ತದೆಂದು ಅಳತೆ ಮಾಡಿಕೊಳ್ಳಿ. ಬರಿಗಾಲಿನಲ್ಲಿ ಗೋಡೆಗೆ ಎದುರಾಗಿ ಒಂದು ಕಾಲನ್ನು ಮುಂದಿಟ್ಟು, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತ, ಇನ್ನು ಮುಟ್ಟುವುದಿಲ್ಲ ಎನ್ನುವಲ್ಲಿ ಹೆಬ್ಬೆರಳಿನಿಂದ ಗೋಡೆಗಿರುವ ದೂರವನ್ನು ಸ್ಕೇಲಿನಲ್ಲಿ ನೋಡಿ. ಸುಮಾರು 10 ಸೆಂ.ಮೀ. ಬಂದರೆ ಸಾಮಾನ್ಯವಾಗಿ ಸಾಕು.

ನಿಮ್ಮ ಸ್ಟ್ರೆಚ್ ಫಲ ಕೊಡದಿರಲು ಕಾರಣವಿದೆ. ಮೀನಖಂಡದ ಹೊರಗಿನ ದೊಡ್ಡ ಸ್ನಾಯು ಮಂಡಿಯನ್ನೂ ದಾಟಿ ಮೇಲಕ್ಕೆ ಹೋಗುವುದರಿಂದ, ಸ್ಕ್ವಾಟ್‌ನಲ್ಲಿ ಮಂಡಿ ಮಡಿಚಿದೊಡನೆ ಅದು ಸಡಿಲವಾಗುತ್ತದೆ. ಆಗ ಬಿಗಿ ಹಿಡಿಯುವುದು ಅದರ ಕೆಳಗಿರುವ, ಮಂಡಿಯನ್ನು ದಾಟದ ಸೋಲಿಯಸ್ ಎಂಬ ಸ್ನಾಯು. ಆದ್ದರಿಂದ ಮಂಡಿ ಮಡಿಚಿಯೇ ಸ್ಟ್ರೆಚ್ ಮಾಡಬೇಕು. ಮಂಡಿ ಬೆರಳನ್ನು ದಾಟಬಾರದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ತೊಡೆಯ ಮೂಳೆ ಉದ್ದವಿದ್ದವರಿಗೆ ಅದು ದಾಟದೆ ವಿಧಿಯಿಲ್ಲ; ತಡೆದರೆ ಆ ಹೊರೆ ಸೊಂಟಕ್ಕೂ ಬೆನ್ನಿಗೂ ಹೋಗುತ್ತದೆ, ನಿಮಗೆ ಆಗುತ್ತಿರುವುದೂ ಅದೇ.

ಪ್ರಶ್ನೆ ಕೇಳಿದವರು:
ಅಳೆದೆ. ಬಲಗಾಲು 9, ಎಡಗಾಲು 5 ಸೆಂ.ಮೀ. ಬಲಗಾಲಿನಲ್ಲಿ ಮೀನಖಂಡ ಎಳೆದಂತಾಗುತ್ತದೆ, ಎಡಗಾಲಿನಲ್ಲಿ ಮಾತ್ರ ಪಾದದ ಕೀಲಿನ ಮುಂಭಾಗದಲ್ಲಿ ಏನೋ ಅಡ್ಡ ಸಿಕ್ಕಿಕೊಂಡಂತೆ ಅನಿಸುತ್ತದೆ. ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಅದೇ ಕಾಲು ಎರಡು ಸಲ ಉಳುಕಿತ್ತು, ಎಣ್ಣೆ ತಿಕ್ಕಿ ಸುಮ್ಮನಾಗಿದ್ದೆ.

ಉತ್ತರ 2:
ಹಾಗಿದ್ದರೆ ಎರಡು ಕಾಲುಗಳಿಗೆ ಎರಡು ಬೇರೆ ಬೇರೆ ಉಪಾಯ ಬೇಕು. ಮುಂಭಾಗದಲ್ಲಿ ಸಿಕ್ಕಿಕೊಳ್ಳುವುದು ಸ್ನಾಯುವಿನದಲ್ಲ, ಕೀಲಿನ ತೊಂದರೆಯಿರಬಹುದು. ಉಳುಕಿದ ಕಾಲಿನಲ್ಲಿ ಇದು ಅಪರೂಪವೇನಲ್ಲ, ಸ್ಟ್ರೆಚ್ ಎಷ್ಟು ಮಾಡಿದರೂ ಅದು ಬಿಡುವುದಿಲ್ಲ. ದಪ್ಪ ರಬ್ಬರ್ ಬ್ಯಾಂಡನ್ನು ಕೀಲಿನ ಮುಂದೆ, ತೀರ ಕೆಳಗೆ ಸಿಕ್ಕಿಸಿ, ಅದು ಹಿಂದಕ್ಕೆ ಎಳೆಯುವಂತೆ ಕಂಬಕ್ಕೆ ಕಟ್ಟಿ, ಮಂಡಿಯನ್ನು ನಿಧಾನವಾಗಿ ಮುಂದಕ್ಕೊತ್ತುವ ವ್ಯಾಯಾಮ ಕೆಲವರಿಗೆ ಹಿಡಿಸುತ್ತದೆ. ಆದರೂ ಒಮ್ಮೆ ಫಿಸಿಯೋಥೆರಪಿಸ್ಟರಿಗೆ ತೋರಿಸಿಯೇ ಆರಂಭಿಸಿ, ನೋವಿದ್ದರಂತೂ ಒತ್ತಲೇಬೇಡಿ.

ಅಲ್ಲಿಯವರೆಗೆ ಸ್ಕ್ವಾಟ್ ನಿಲ್ಲಿಸಬೇಕಿಲ್ಲ. ಭಾರ ತಗ್ಗಿಸಿ, ಹಿಮ್ಮಡಿಗಳ ಕೆಳಗೆ ಅಲುಗಾಡದ ಮರದ ಹಲಗೆ ಇಟ್ಟುಕೊಳ್ಳಿ; ಆಗ ಪಾದದ ಕೀಲು ಅಷ್ಟು ಬಾಗಬೇಕಿಲ್ಲ. ವೇಟ್‌ಲಿಫ್ಟರ್‌ಗಳ ಬೂಟಿನ ಹಿಮ್ಮಡಿ ಸುಮಾರು 2 ಸೆಂ.ಮೀ. ಎತ್ತರವಿರುವುದೂ ಇದಕ್ಕೇ, ಅದನ್ನು ಯಾರೂ ಮೋಸವೆನ್ನುವುದಿಲ್ಲ. ನಮ್ಮ ಗರಡಿಯಲ್ಲಿ ಬಸ್ಕಿ ಹೊಡೆಯುವವರು ಹಿಮ್ಮಡಿ ಎತ್ತಿಯೇ ಕೂರುತ್ತಿದ್ದರು. ಆದರೆ ಅವರ ಹೆಗಲ ಮೇಲೆ ಬಾರ್ಬೆಲ್ ಇರಲಿಲ್ಲ ಎಂಬುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಇವತ್ತು ಹಲಗೆಯಿಟ್ಟು 40 ಕೆ.ಜಿ.ಯಲ್ಲಿ ಮಾಡಿದೆ. ಎದೆ ಬಾಗಲಿಲ್ಲ, ತೊಡೆ ಮಂಡಿಗಿಂತ ಕೆಳಗಿಳಿಯಿತು. ಎಡಗಾಲನ್ನು ಸೋಮವಾರ ತೋರಿಸಲು ಸಮಯ ಗೊತ್ತುಮಾಡಿಕೊಂಡಿದ್ದೇನೆ.