ಕೈಗೆ ಗೊತ್ತಿರುವುದನ್ನು ಫೈಲಿಗೆ ಬರೆಯಲು ಬರುತ್ತದಾ?

ಫೌಂಡ್ರಿ ಹುಡುಗ, ಬೆಳಗಾವಿ
ನಮ್ಮ ಫೌಂಡ್ರಿಯ ಹಿರಿಯ ಮೋಲ್ಡರ್ (ಲೋಹ ಹೊಯ್ಯಲು ಮರಳಿನ ಅಚ್ಚು ಕಟ್ಟುವವರು) ಕಾಕಾ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಅವರಿಗೆ ಗೊತ್ತಿರುವುದನ್ನೆಲ್ಲ ಬರೆದು ಕಂಪ್ಯೂಟರಿಗೆ ಹಾಕು ಎಂದು ಮ್ಯಾನೇಜರ್ ನನಗೆ ಹೇಳಿದ್ದಾರೆ. ಪಕ್ಕದಲ್ಲೇ ನಿಂತು ನೋಡುತ್ತಿದ್ದೇನೆ. ಕಾಕಾ ಮರಳನ್ನು ಮುಷ್ಟಿಯಲ್ಲಿ ಒತ್ತಿ ಹಿಡಿಯುತ್ತಾರೆ. ಕೈ ಬಿಚ್ಚಿ ಬೆರಳಿನ ಗುರುತು ನೋಡುತ್ತಾರೆ. ಆ ಉಂಡೆಯನ್ನು ಎರಡಾಗಿ ಮುರಿದು ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾರೆ. ‘ನಡೀತದೆ’ ಅಥವಾ ‘ಇನ್ನಷ್ಟು ಮಿಕ್ಸ್ ಮಾಡು’, ಅಷ್ಟೇ ಮಾತು. ಹೇಗೆ ಗೊತ್ತಾಯ್ತು ಅಂದರೆ ‘ಕೈಗೆ ಗೊತ್ತಾಗ್ತದೆ’ ಅನ್ನುತ್ತಾರೆ. ಏನಂತ ಬರೆಯಲಿ?

ಮಾಸ್ತರ್, ವಿಜಯಪುರ
ಬರೆಯಲು ಬರುವುದಿಲ್ಲ ತಮ್ಮಾ. ಟ್ಯಾಸಿಟ್ ನಾಲೆಜ್ ಅನ್ನುವುದು ಇದನ್ನೇ. ಹೇಳಲು ಬರುವುದಕ್ಕಿಂತ ಜಾಸ್ತಿ ನಮಗೆ ಗೊತ್ತಿರುತ್ತದೆ ಎಂದು ತತ್ವಜ್ಞಾನಿ ಮೈಕಲ್ ಪೊಲಾನಿ 1966ರಲ್ಲೇ ಬರೆದರು. ಸಾವಿರ ಜನರ ನಡುವೆ ಗುರುತಿನ ಮುಖ ಹಿಡಿಯುತ್ತೇವೆ, ಹೇಗೆ ಹಿಡಿದೆವು ಅಂತ ಹೇಳಲಾರೆವು. ಕಾಕಾ ಅವರ ಗಮನ ಅಂಗೈ ಮೇಲಿಲ್ಲ, ಮುಂದೆ ಬರುವ ಎರಕದ ಮೇಲಿದೆ. ಅಂಗೈ ಬಗ್ಗೆಯೇ ಕೆದಕಿ ಕೇಳಿದರೆ ಕೈ ತಡವರಿಸುತ್ತದೆ.

ಕ್ವಾಲಿಟಿ ಲ್ಯಾಬ್, ಬೆಳಗಾವಿ
ನಾನು ಒಪ್ಪುವುದಿಲ್ಲ ಸರ್. ಮರಳಿನ ತೇವ, ಅದರೊಳಗೆ ಗಾಳಿ ಹಾಯುವ ಗುಣ, ಒತ್ತಿದರೆ ಎಷ್ಟು ಕುಗ್ಗುತ್ತದೆ ಅನ್ನುವುದು, ಎಲ್ಲ ಅಳೆಯಲು ಯಂತ್ರ ಇದೆ. ‘ಹೇಳಲು ಬರುವುದಿಲ್ಲ’ ಅನ್ನುವ ಎಷ್ಟೋ ಕಡೆ ಯಾರೂ ಕೇಳಿಯೇ ಇರುವುದಿಲ್ಲ. ಇನ್ನು ಕೆಲವರು ತಮ್ಮ ಕೆಲಸ ಉಳಿಯಲಿ ಎಂದು ಗುಟ್ಟು ಬಿಡುವುದಿಲ್ಲ. ಅದೆಲ್ಲವನ್ನೂ ಕೈಗುಣ ಅಂದುಬಿಟ್ಟರೆ ಹೊಸ ಹುಡುಗರು ಎಲ್ಲಿಗೆ ಹೋಗಬೇಕು?

ಫೌಂಡ್ರಿ ಹುಡುಗ
ಅಣ್ಣಾ, ತೇವದ ಮೀಟರ್ ನಮ್ಮಲ್ಲೂ ಇದೆ. ಆದರೆ ಎರಕ ಬಿಚ್ಚಿದ ಮೇಲೆ ವಾಪಸ್ ಬರುವ ಮರಳು ಒಮ್ಮೊಮ್ಮೆ ಇನ್ನೂ ಬಿಸಿ ಇರುತ್ತದೆ. ಮೀಟರ್ ಸರಿಯಾಗೇ ತೋರಿಸುತ್ತದೆ. ಅಚ್ಚು ಕಟ್ಟಿ ಲೋಹ ಹೊಯ್ಯುವಷ್ಟರಲ್ಲಿ ಮೇಲ್ಮೈ ಒಣಗಿ ಅಂಚು ಉದುರುತ್ತದೆ. ಕಾಕಾ ಅದನ್ನು ಮೊದಲೇ ಹೇಳುತ್ತಾರೆ.

ಕ್ವಾಲಿಟಿ ಲ್ಯಾಬ್
ಹಾಗಾದರೆ ಮರಳಿನ ಬಿಸಿಯನ್ನೂ ಅಳೆದು ಬರೆದಿಡು. ನೋಡು, ಒಂದು ಮಾತು ಹೊರಗೆ ಬಂತಲ್ಲ! ಜಪಾನಿನ ಮ್ಯಾನೇಜ್‌ಮೆಂಟ್ ಪ್ರೊಫೆಸರುಗಳಾದ ನೊನಾಕಾ ಮತ್ತು ತಾಕೆಉಚಿ 1995ರ ಪುಸ್ತಕದಲ್ಲಿ ಇಂಥದ್ದೇ ಒಂದು ಸಂಗತಿ ಹೇಳಿದ್ದಾರೆ. ಮತ್ಸುಶಿತಾ ಕಂಪನಿಯ ಬ್ರೆಡ್ ಯಂತ್ರ ಹಿಟ್ಟನ್ನು ಸರಿಯಾಗಿ ನಾದುತ್ತಿರಲಿಲ್ಲ. ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಡೆವಲಪರ್ ಒಸಾಕಾದ ಹೋಟೆಲಿನ ಬ್ರೆಡ್ ಮಾಡುವವರ ಬಳಿ ಕಲಿಯಲು ಹೋದರು. ಅವರು ಹಿಟ್ಟನ್ನು ಎಳೆಯುವಾಗ ತಿರುಚುತ್ತಾರೆ ಎಂಬುದು ಆಕೆಯ ಕಣ್ಣಿಗೆ ಬಿತ್ತು. ಅದನ್ನೇ ಯಂತ್ರಕ್ಕೆ ಇಳಿಸಿದರು.

ಇಳಕಲ್ ಮಗ್ಗದಕ್ಕ
ಅಣ್ಣಾ, ನೀವು ಹೇಳಿದ್ದೇ ಮಾಸ್ತರ್ ಮಾತಿಗೆ ಬಲ ಕೊಡುತ್ತದೆ. ಆಕೆ ಫಾರ್ಮ್ ಕಳಿಸಿ ‘ತುಂಬಿ ಕೊಡಿ’ ಅನ್ನಲಿಲ್ಲ, ಹೋಗಿ ಪಕ್ಕದಲ್ಲಿ ನಿಂತು ಕಲಿತಳು ಅಲ್ವಾ? ನಮ್ಮ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತೇವೆ, ಈ ಕಡೆಯ ಎಳೆಯ ಕುಣಿಕೆಯೊಳಗೆ ಆ ಕಡೆಯ ಎಳೆ. ವಿಡಿಯೊ ನೋಡಿದರೆ ಪೂರಾ ತಿಳಿದ ಹಾಗೆ ಅನಿಸುತ್ತದೆ. ಆದರೆ ಹತ್ತಿ ಎಳೆ, ರೇಷ್ಮೆ ಎಳೆ ಒಂದೇ ಥರ ಜಗ್ಗುವುದಿಲ್ಲ. ಎಷ್ಟು ಬಿಗಿ ಹಿಡಿಯಬೇಕು ಅನ್ನುವುದು ವಿಡಿಯೊದಲ್ಲಿ ಕಾಣುವುದಿಲ್ಲ. ನಮ್ಮ ಅತ್ತೆ ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ಜಗ್ಗಿಸಿದರು. ಆಗಲೇ ನನಗೆ ಹತ್ತಿದ್ದು.

ಮಾಸ್ತರ್
ಅಕ್ಕಾ, ವಿಜ್ಞಾನಿಗಳದ್ದೂ ಇದೇ ಪಾಡು. ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ 1974ರಲ್ಲಿ ಒಂದು ಲೇಸರ್ ಕಟ್ಟುವವರ ಬಗ್ಗೆ ಬರೆದರು. ಪ್ರಕಟವಾದ ಲೇಖನ ಓದಿಕೊಂಡೇ ಕಟ್ಟಲು ಹೊರಟ ಯಾರಿಗೂ ಅದು ಕೆಲಸ ಮಾಡಲಿಲ್ಲ. ಮೊದಲೇ ಕಟ್ಟಿದ್ದ ಲ್ಯಾಬಿನವರ ಜೊತೆ ಒಡನಾಡಿದವರಿಗೆ ಮಾತ್ರ ಆಯಿತು. ಆದರೆ ಲ್ಯಾಬ್ ಸರ್ ಮಾತನ್ನೂ ತಳ್ಳಿಹಾಕಲಾರೆ. ಇದೇ ಕಾಲಿನ್ಸ್ 2010ರಲ್ಲಿ ಮೂರು ಬಗೆ ಮಾಡಿದರು. ಒಂದು, ಕೇಳದೆ ಅಥವಾ ಬಚ್ಚಿಟ್ಟಿದ್ದರಿಂದ ಒಳಗೇ ಉಳಿದದ್ದು. ಎರಡು, ಮೈಕೈಗೆ ಹತ್ತಿದ್ದು. ಮೂರನೆಯದು ಜನರ ಜೊತೆ ಬದುಕಿಯೇ ಬರುವಂಥದ್ದು. ಬಿಸಿ ಮರಳಿನ ವಿಷಯ ಮೊದಲನೆಯದು, ಅದು ಫೈಲಿಗೆ ಹೋಗಲಿ. ಹೆಬ್ಬೆರಳಿನದು ಎರಡನೆಯದು. ಅದಕ್ಕೆ ಇನ್ನೊಬ್ಬರ ಹೆಬ್ಬೆರಳೇ ಬೇಕು.

ಕ್ವಾಲಿಟಿ ಲ್ಯಾಬ್
ಇಷ್ಟಕ್ಕೆ ಒಪ್ಪುತ್ತೇನೆ. ಆದರೂ ಕೇಳುವ ರೀತಿ ಬದಲಿಸು ತಮ್ಮಾ. ಸುಮ್ನೆ ‘ನಿಮಗೆ ಏನು ಗೊತ್ತು’ ಅಂದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ರಿಜೆಕ್ಟ್ ಆದ ಪೀಸುಗಳನ್ನು ಮುಂದಿಟ್ಟು ‘ಇದು ಯಾಕೆ ಹೀಗಾಯ್ತು’ ಅಂತ ಕೇಳು. ಆಗ ಮಾತು ತಾನಾಗಿ ಬರುತ್ತದೆ.

ಇಳಕಲ್ ಮಗ್ಗದಕ್ಕ
ಜೊತೆಗೆ ಅವರನ್ನು ಇನ್ನೂ ಕೆಲವು ತಿಂಗಳು ಅರ್ಧ ದಿನ ಕರೆಸಿಕೊಳ್ಳಲು ಹೇಳಪ್ಪಾ. ಇಬ್ಬರು ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿ. ಪಗಾರ ಕೊಟ್ಟೇ ಕರೆಸಬೇಕು. ಹಿರಿಯರು ಕಲಿಸಲಿ ಎಂದು ಎಲ್ಲರೂ ಬಯಸುತ್ತಾರೆ, ಕಲಿಸುವ ಹೊತ್ತಿಗೆ ಮಾತ್ರ ಯಾರೂ ದುಡ್ಡು ಇಡುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಫೌಂಡ್ರಿ ಹುಡುಗ
ನಾಳೆ ರಿಜೆಕ್ಟ್ ಪೀಸ್ ಇಟ್ಟುಕೊಂಡು ಕೂರುತ್ತೇನೆ ಅಣ್ಣಾ. ಅಕ್ಕಾ, ಮ್ಯಾನೇಜರ್ ಹತ್ತಿರ ಹೋಗುವ ಮೊದಲು ಎಷ್ಟು ಪಗಾರಕ್ಕೆ ಬರುತ್ತೀರಿ ಎಂದು ಕಾಕಾ ಅವರನ್ನೇ ಕೇಳುತ್ತೇನೆ.